ನೀರು ಕೊಡದ ಊರು

ಮಾಣಿಕನಗರ, ಹುಮನಾಬಾದ
೧೯ ಜನವರಿ ೨೦೨೫, ರವಿವಾರ

ಪೂನಂಳ ಅಪ್ಪನವರಿಗೆ,

ಮನೆಯಿಂದ ಭಾಗಮ್ಮನ ನಮಸ್ಕಾರ. ಹೇಗಿದ್ದೀರಿ? ಎಡಗಾಲಿನ ಹಿಮ್ಮಡಿ ಒಡೆದದ್ದು ಕೂಡಿತೇ? ಚೀಲದ ಒಳಜೇಬಿನಲ್ಲಿ ಮುಲಾಮಿನ ಡಬ್ಬಿ ಇಟ್ಟಿದ್ದೇನೆ, ನೀವು ಇಷ್ಟು ದಿನವಾದರೂ ಆ ಜೇಬು ಬಿಚ್ಚಿ ನೋಡಿರಲಿಕ್ಕಿಲ್ಲ, ನನಗೆ ಗೊತ್ತು. ನರ್ಮದೆಯ ದಂಡೆಯಲ್ಲಿ ಬೆಳಗಿನ ಜಾವ ಚಳಿ ಹೆಚ್ಚಂತೆ. ಸ್ನಾನವಾದ ಮೇಲೆ ಕಿವಿಗೆ ಮಫ್ಲರ್ ಸುತ್ತಿಕೊಳ್ಳಿ. ವ್ರತದಲ್ಲಿ ಮಫ್ಲರ್ ಬೇಡವೆಂದು ಯಾವ ದೇವರೂ ಹೇಳಿಲ್ಲ. ಇಲ್ಲಿ ಅತ್ತೆ ಆರಾಮ ಇದ್ದಾರೆ, ಎರಡು ಹೊತ್ತು ಉಣ್ಣುತ್ತಾರೆ, ಟಿವಿಯವರ ಮೇಲೆ ಸಿಟ್ಟು ಮಾಡುತ್ತಾರೆ. ಕಾಯಿ-ಕರ್ಪೂರದ ಅಂಗಡಿಯನ್ನು ನಾನೇ ತೆಗೆದು ನಾನೇ ಮುಚ್ಚುತ್ತಿದ್ದೇನೆ. ಗುರುವಾರ, ಶನಿವಾರ ಮಾತ್ರ ಬಾಗಿಲು ಹಾಕಿದ್ದೆ, ಅದರ ಕಾರಣಕ್ಕೇ ಈ ಪತ್ರ.

ನೀವು ನರ್ಮದೆಯನ್ನು ಕಾಲ್ನಡಿಗೆಯಲ್ಲಿ ಸುತ್ತುವ ಪರಿಕ್ರಮಕ್ಕೆ ಹೊರಟು ಇವತ್ತಿಗೆ ಅರವತ್ತೈದು ದಿನ. ಫೋನು ಬಿಟ್ಟು ನಡೆಯುತ್ತೇನೆಂದು ಹಟ ಹಿಡಿದು ಹೋದಿರಿ. ಅಮಾವಾಸ್ಯೆಗೊಮ್ಮೆ ಯಾರದೋ ಫೋನಿನಿಂದ ಎರಡು ನಿಮಿಷ ಮಾತಾಡುತ್ತೀರಿ, ಅದರಲ್ಲಿ ಒಂದೂವರೆ ನಿಮಿಷ ತೆಂಗಿನಕಾಯಿಯ ವಿಚಾರಕ್ಕೇ ಹೋಗುತ್ತದೆ. ನಾನು ಹೇಳಬೇಕಾದದ್ದು ಎರಡು ನಿಮಿಷದಲ್ಲಿ ಮುಗಿಯುವ ಮಾತಲ್ಲ. ನೀವು ಕೊಟ್ಟು ಹೋದ ಚೀಟಿಯಲ್ಲಿದ್ದ ಮಂಡ್ಲೇಶ್ವರದ ಧರ್ಮಶಾಲೆಯ ವಿಳಾಸಕ್ಕೆ ಇದನ್ನು ಹಾಕುತ್ತಿದ್ದೇನೆ. ಲಕೋಟೆಯ ಮೇಲೆ ‘ವೈಜನಾಥ’ ಎಂದು ನಿಮ್ಮ ಹೆಸರನ್ನು ನನ್ನ ಕೈಯಿಂದಲೇ ಬರೆದೆ. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಇದೇ ಮೊದಲು. ಬರೆಯುವಾಗ ಅತ್ತೆ ನೋಡುತ್ತಿದ್ದರು, ಏನೂ ಅನ್ನಲಿಲ್ಲ. ಅವರೇಕೆ ಸುಮ್ಮನಿದ್ದರು ಎಂಬುದು ಮುಂದೆ ಗೊತ್ತಾಗುತ್ತದೆ.

ಎಳ್ಳ ಅಮಾವಾಸ್ಯೆಯ ದಿನ ನೀವು ಫೋನು ಮಾಡಿದಾಗ ಪೂನಂಳ ಆರ್ಡರ್ ಬಂದಿರುವುದನ್ನು ಹೇಳಿದ್ದೆ. ಮೂರು ವರ್ಷ ಕಾದ ಮೇಲೆ ಹುಡುಗಿಗೆ ನರ್ಸ್ ಕೆಲಸ ಸಿಕ್ಕಿದೆ, ಕಲ್ಯಾಣದ ಹತ್ತಿರದ ನಾರಾಯಣಪುರದ ಆರೋಗ್ಯ ಉಪಕೇಂದ್ರಕ್ಕೆ. ಅಲ್ಲೇ ಕ್ವಾರ್ಟರ್ಸು, ಅಲ್ಲೇ ಉಳಿಯಬೇಕು. ಜನವರಿ ಇಪ್ಪತ್ತರೊಳಗೆ ಹಾಜರಾಗದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ. ನೀವು ಹಿಂದೆ ಮುಂದೆ ನೋಡದೆ, “ಆ ಊರ ನೀರ ನಮ್ಮ ಮನ್ಯಾಗ ಯಾರೂ ಕುಡ್ಯಾಂಗಿಲ್ಲ. ಒಲ್ಲೆ ಅಂತ ಬರದ ಕೊಡ್ಲಿ” ಎಂದಿರಿ. ಅಷ್ಟರಲ್ಲಿ ಎರಡು ನಿಮಿಷ ಮುಗಿಯಿತು. ಹುಡುಗಿ ಅವತ್ತು ಹಬ್ಬದ ಭಜ್ಜಿ ಮುಟ್ಟಲಿಲ್ಲ, ಹಬ್ಬದೂಟಕ್ಕೆ ಹೋದ ಹೊಲದಲ್ಲಿ ಎಲ್ಲರೂ ಉಂಡೆದ್ದರೂ ಒಬ್ಬಳೇ ಬದುವಿನ ಮೇಲೆ ಕೂತಿದ್ದಳು.

ಈ ಮನೆಯ ನೀರಿನ ಕಥೆಯನ್ನು ನಾನು ಸೊಸೆಯಾಗಿ ಬಂದ ಮರುದಿನವೇ ಕೇಳಿದ್ದೆ. ರಜಾಕಾರರ ಗದ್ದಲದ ವರ್ಷ ನಿಮ್ಮ ಅಜ್ಜ ತುಳಜಾರಾಮ ಹುಲಸೂರಿನ ಸಂತೆಯಲ್ಲಿ ಬಟ್ಟೆ ಮಾರಿ ಬರುವಾಗ ಜೀವಭಯದಿಂದ ಓಡಿ, ನಾರಾಯಣಪುರದ ಹತ್ತಿರ ಜೋಳದ ಹೊಲದಲ್ಲಿ ಹದಿನೇಳು ದಿನ ಅಡಗಿದ್ದರು. ನೀರು ಬೇಡಿದರೆ ಆ ಊರವರು ಒಂದು ಹನಿ ಕೊಡಲಿಲ್ಲ. ಅಂದೇ ಅಜ್ಜ, ನನ್ನ ವಂಶದವರು ಏಳು ತಲೆ ನಿಮ್ಮೂರ ನೀರು ಮುಟ್ಟುವುದಿಲ್ಲವೆಂದು ಆಣೆ ಮಾಡಿದರು. ಆ ಆಣೆಗಾಗಿ ನಾವು ಏನೇನು ಮಾಡಿಲ್ಲ! ಬೇಸಿಗೆಯಲ್ಲಿ ಟ್ಯಾಂಕರ್ ಬಂದರೆ ಯಾವ ಊರಲ್ಲಿ ತುಂಬಿಸಿದಿರಿ ಎಂದು ಡ್ರೈವರನನ್ನು ಪೊಲೀಸರ ಹಾಗೆ ವಿಚಾರಿಸಿದಿರಿ. ಅಲ್ಲಿನ ಶಿವನ ಗುಡಿ ನೋಡಲು ಹೋದಾಗ ತೀರ್ಥವನ್ನು ಕೈಗೆ ಬೇಡ, ತಲೆಯ ಮೇಲೆ ಹಾಕಿ ಎಂದು ಪೂಜಾರಿಗೆ ಹೇಳಿದಿರಿ, ಆ ಮನುಷ್ಯ ಕಕ್ಕಾಬಿಕ್ಕಿಯಾದ. ನಿಮ್ಮ ತಂಗಿಗೆ ಬಂದ ಒಳ್ಳೆಯ ಸಂಬಂಧ ಈ ನೀರಿಗಾಗಿಯೇ ತಪ್ಪಿತು. ನಾನು ನಗುತ್ತಿದ್ದೆ, ಆದರೆ ಪಾಲಿಸುತ್ತಿದ್ದೆ. ಅಜ್ಜನಿಗೆ ನೀರು ಕೊಡದ ಊರು ಎಂದರೆ ನನಗೂ ಸಿಟ್ಟು ಬರುತ್ತಿತ್ತು.

ಈಗ ನನ್ನ ಯೋಚನೆ ಇದ್ದದ್ದು ಇಷ್ಟೇ: ಆಣೆಯಲ್ಲಿ ಹೆಣ್ಣುಮಕ್ಕಳೂ ಸೇರಿದ್ದಾರೋ ಇಲ್ಲವೋ ಎಂದು ನೋಡಬೇಕು. ಮದುವೆಯಾಗಿ ಬೇರೆ ಮನೆಗೆ ಹೋಗುವ ಹುಡುಗಿಗೆ ಈ ಮನೆಯ ಆಣೆ ಯಾಕೆ ಎಂದು ಒಂದು ದಾರಿ ಸಿಕ್ಕೀತೆಂಬ ಆಸೆ. ಆಗ ನೆನಪಾಯಿತು, ಹನ್ನೆರಡು ವರ್ಷದ ಹಿಂದೆ ಕಲ್ಯಾಣದ ಗಿರಾಕಿಯೊಬ್ಬರು ಅಂಗಡಿಗೆ ಬಂದು, ನಿಮ್ಮ ಅಜ್ಜನ ಹೆಸರು ನಮ್ಮೂರ ಲೈಬ್ರರಿಯ ಪುಸ್ತಕದಲ್ಲಿದೆ ಎಂದಿದ್ದರಲ್ಲ. ಅವತ್ತಿನಿಂದ ನೀವು ಊದುಬತ್ತಿ ಕೊಳ್ಳಲು ಬಂದವರಿಗೂ, “ನಮ್ಮ ಅಜ್ಜನ ಹೆಸರ ಬುಕ್ಕಿನ್ಯಾಗ ಐತ್ರಿ” ಎಂದು ಹೇಳಿಯೇ ಚಿಲ್ಲರೆ ಕೊಡುತ್ತಿದ್ದಿರಿ. ಹನ್ನೆರಡು ವರ್ಷ! ಒಂದು ದಿನವಾದರೂ ಹೋಗಿ ಆ ಬುಕ್ಕು ತೆರೆದು ನೋಡಿದಿರಾ? ನಾನೂ ಕೇಳಲಿಲ್ಲ, ಆ ತಪ್ಪು ನನ್ನದೂ ಹೌದು.

ಬುಧವಾರ ಮೊದಲು ನಮ್ಮ ಹುಮನಾಬಾದದ ಗ್ರಂಥಾಲಯಕ್ಕೇ ಹೋದೆ. ಅಲ್ಲಿ ಊರಿನ ಬಗ್ಗೆ ಇದ್ದ ಎರಡು ಪುಸ್ತಕದಲ್ಲೂ ಅಜ್ಜನ ಸುದ್ದಿ ಇಲ್ಲ. ಗುರುವಾರ ಅಂಗಡಿ ಮುಚ್ಚಿ ಬಸ್ಸು ಹತ್ತಿ ಕಲ್ಯಾಣಕ್ಕೆ ಹೋದೆ. ನನಗೆ ಲೈಬ್ರರಿ ಎಂದರೆ ಅಂಜಿಕೆ ಎಂದು ನಿಮಗೆ ಗೊತ್ತು, ಏಳನೇ ಇಯತ್ತೆಗೆ ಶಾಲೆ ಬಿಟ್ಟ ಮೇಲೆ ಈ ವಾರದ ತನಕ ಪುಸ್ತಕವಿರುವ ಜಾಗಕ್ಕೆ ನಾನು ಹೋದದ್ದೇ ಇಲ್ಲ. ಬಾಗಿಲಲ್ಲೇ ಒಂದು ರಿಜಿಸ್ಟರ್, ಹೆಸರು, ಊರು, ಬಂದ ಕಾರಣ ಬರೆಯಬೇಕು. ಕಾರಣದ ಖಾನೆಯಲ್ಲಿ ಎಲ್ಲರೂ ‘ಪೇಪರ್ ಓದಲು’ ಎಂದು ಬರೆದಿದ್ದರು, ನಾನು ‘ಅಜ್ಜನನ್ನು ನೋಡಲು’ ಎಂದು ಬರೆದೆ. ಒಳಗೆ ನಾಲ್ಕು ಮುದುಕರು ಒಂದೇ ಪೇಪರನ್ನು ಹಾಳೆ ಹಾಳೆ ಹಂಚಿಕೊಂಡು ಓದುತ್ತಿದ್ದರು. ಕೌಂಟರಿನಲ್ಲಿದ್ದ ಹೆಣ್ಣುಮಗಳ ಹೆಸರು ತಬಸ್ಸುಮ. ನನ್ನ ಖಾನೆ ಓದಿ ನಕ್ಕು, “ಅಜ್ಜಾರ ಯಾವ ಕಪಾಟಿನ್ಯಾಗ ಅದಾರ ಹೇಳ್ರಿ, ತಗದ ಕೊಡತೇನಿ” ಎಂದಳು. ನನ್ನ ಅಂಜಿಕೆ ಅಲ್ಲಿಗೇ ಹೋಯಿತು.

ಆಕೆ ಒಂದು ತಾಸು ಕಪಾಟುಗಳಲ್ಲಿ ಹುಡುಕಿದಳು. ಕೊನೆಗೆ ತಂದಿಟ್ಟದ್ದು ಅಂಗಡಿಯಲ್ಲಿ ಮಾರುವಂಥ ಪುಸ್ತಕವಲ್ಲ. ಹಿಂದೆ ಕಾಲೇಜಿನ ಮಕ್ಕಳು ಸುತ್ತಲಿನ ಹಳ್ಳಿಗಳ ಹಿರಿಯರನ್ನು ಮಾತಾಡಿಸಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡು, ಟೈಪ್ ಮಾಡಿಸಿ, ದಪ್ಪ ರಟ್ಟು ಹಾಕಿಸಿ ಗ್ರಂಥಾಲಯಕ್ಕೆ ಕೊಟ್ಟಿದ್ದರಂತೆ. ನಾರಾಯಣಪುರದ ಭಾಗದಲ್ಲಿ, ನೂರಾ ಹನ್ನೊಂದನೇ ಪುಟದಲ್ಲಿ, ‘ಹುಮನಾಬಾದದ ತುಳಜಾರಾಮ’ ಎಂದು ಕಣ್ಣಿಗೆ ಬಿತ್ತು. ಸಂತೋಷದಿಂದ ನಾನು ತಬಸ್ಸುಮಳ ಕೈ ಹಿಡಿದುಕೊಂಡೆ. ಹೇಳಿದವರು ಯಾರು ಎಂದು ಮೇಲೆ ಬರೆದಿತ್ತು: ದ್ರೌಪತಿ, ಊರ ಹೊರಗಿನ ಓಣಿ. ಈಗ ಬುದ್ಧವಿಹಾರ ಇರುವ ಓಣಿ ಅದು. ಆಗಿನ ಕಾಲದಲ್ಲಿ ಆ ಓಣಿಯವರನ್ನು ನಮ್ಮವರು ಮುಟ್ಟುತ್ತಿರಲಿಲ್ಲ.

ದ್ರೌಪತಿ ಹೇಳಿದ್ದನ್ನು ನಾನು ಬಸ್ ಟಿಕೆಟ್ಟಿನ ಹಿಂದೆ, ಕೈಚೀಲದಲ್ಲಿದ್ದ ಬಿಲ್ಲುಗಳ ಹಿಂದೆ ಬರೆದುಕೊಂಡು ಬಂದಿದ್ದೇನೆ. ಇಲ್ಲಿ ಹಾಗೆಯೇ ಇಳಿಸುತ್ತೇನೆ, ಒಂದು ಶಬ್ದವೂ ನನ್ನದಲ್ಲ. ಕೂತು ಓದಿ.

“ಹುಮನಾಬಾದದ ತುಳಜಾರಾಮ ಸಾವಕಾರನ ಕುದುರಿ ರಜಾಕಾರರು ಕಸಗೊಂಡ, ಬಡದ ಹಾದ್ಯಾಗ ಒಗದಿದ್ರು. ನಮ್ಮಪ್ಪ ಧೋಂಡಿಬಾ ಅವನ್ನ ಹೆಗಲ ಮ್ಯಾಲ ಹೊತ್ತ ತಂದು ನಮ್ಮ ಓಣಿ ಹಿಂದಿನ, ಜ್ವಾಳ ತುಂಬೂ ಹಾಳ ಹಗೇವದ ಕುಣ್ಯಾಗ ಇಳಿಸಿ ಮ್ಯಾಲ ಸೊಪ್ಪಿ ಮುಚ್ಚಿದ. ಹದಿನೇಳ ದಿನ ಇದ್ದ. ನಾ ಆಗ ಹತ್ತ ವರ್ಷದಾಕಿ. ಲಂಗದಾಗ ರೊಟ್ಟಿ ಮುಚಗೊಂಡ ಹೋಗಿ ಕೊಡತಿದ್ದೆ. ಮೊದಲನೇ ದಿನ ನಮ್ಮ ನೀರ ಬ್ಯಾಡ ಅಂದ. ಎರಡನೇ ದಿನ ತಂಬಿಗಿ ಕಸಗೊಂಡ ಕುಡದ. ಹೋಗೂ ಮುಂದ ನಮ್ಮವ್ವ ಹಾದಿಗಂತ ಅದ ತಂಬಿಗಿ ತುಂಬಿ ಕೊಟ್ಲು. ಹಿತ್ತಾಳಿದು, ಅವ್ವನ ತವರಮನೀದು. ತಳ ತೂತ ಬಿದ್ದಿತ್ತಂತ ಕಲಾಯಿಯಾವ ಒಂದ ತಾಂಬ್ರದ ಪೈಸಾ ಇಟ್ಟ ಬೆಸಿಗಿ ಹಾಕಿದ್ದ. ತಿರಗಿ ಕೊಡತೇನಿ ಅಂದಾವ ಕೊಡಲಿಲ್ಲ. ಅವ್ವ ಸಾಯೂತನಕ ನನ್ನ ತಂಬಿಗಿ, ನನ್ನ ತಂಬಿಗಿ ಅಂತಿದ್ಲು. ಮುಂದಿನ ವರ್ಷ ಅಪ್ಪ ಅವನ ಅಂಗಡಿಗಿ ಹೋದ. ತಂಬಿಗಿ ಕೇಳಾಕಲ್ಲ, ಬದುಕ್ಯಾನೋ ಇಲ್ಲೋ ನೋಡಾಕ. ಅಲ್ಲಿ ಅವನ ಮಂದಿ ಕುಂತಿದ್ರು. ನಿಮ್ಮ ಊರಾಗ ನನಗ ಹನಿ ನೀರ ಕೊಡಲಿಲ್ಲ, ಈಗ ಯಾಕ ಬಂದಿ ಅಂದ್ನಂತ. ಅಪ್ಪ ಸುಮ್ಮನ ತಿರಗಿ ಬಂದ. ತನ್ನ ಕುಲದವರ ಅಂಜಿಕಿ ಐತಿ ಅವಗ, ಜೀವ ಅಂತೂ ಉಳೀತಲ್ಲ, ಬಿಡ್ರಿ ಅಂದ.”

ಓದಿದಿರಾ? ನಾನು ಮೂರು ಸಲ ಓದಿದೆ. ಮೊದಲ ಸಲ ಸುಳ್ಳು ಎನಿಸಿ ಮೈಯೆಲ್ಲ ಉರಿಯಿತು. ಯಾವಳೋ ಮುದುಕಿ ನಮ್ಮ ಅಜ್ಜನ ಮೇಲೆ ಏನೋ ಹೇಳಿದ್ದಾಳೆ ಎಂದುಕೊಂಡೆ. ಎರಡನೇ ಸಲ ತಂಬಿಗೆಯ ಸಾಲಿಗೆ ಬಂದು ನಿಂತೆ. ರಟ್ಟು ಮುಚ್ಚಿ ಅದರ ಮೇಲೆ ತಲೆ ಇಟ್ಟುಬಿಟ್ಟೆ. ತಬಸ್ಸುಮ ಓಡಿ ಬಂದು, “ಯಾಕ್ರಿ ಅಕ್ಕಾ, ಬಿಪಿ ಐತೇನ್ರಿ?” ಎಂದು ಬೆನ್ನು ಸವರಿ, ನೀರಿನ ಬಾಟಲಿ ಹಿಡಿದಳು. ಆ ನೀರನ್ನು ಬಾಯಿಗಿಡಲು ನನ್ನ ಕೈ ಏಳಲಿಲ್ಲ. ಹಿತ್ತಾಳೆಯ ತಂಬಿಗೆ, ತಳದಲ್ಲಿ ತಾಮ್ರದ ಪೈಸೆ. ನಮ್ಮ ದೇವರ ಕೋಣೆಯಲ್ಲಿ, ದೇವರ ಎದುರಿಗೇ, ದಿನಾ ಬೆಳಿಗ್ಗೆ ತುಳಸಿ ಹಾಕಿ ನೀರು ತುಂಬಿಡುವ ತಂಬಿಗೆ. ಅಜ್ಜನಿಗೆ ಒಬ್ಬ ಸಾಧು ಕೊಟ್ಟದ್ದು, ಪೈಸೆ ಅವರ ಆಶೀರ್ವಾದ ಎಂದು ನನಗೆ ಹೇಳಿದವರು ನೀವೇ. ಅದರ ತೀರ್ಥ ತೆಗೆದುಕೊಳ್ಳದೆ ನೀವು ಹೊಸ್ತಿಲು ದಾಟಿದವರಲ್ಲ. ಪರಿಕ್ರಮಕ್ಕೆ ಹೊರಟ ದಿನವೂ ನಾನು ಅದರಿಂದಲೇ ನಿಮ್ಮ ಬೊಗಸೆಗೆ ಹಾಕಿದೆ.

ಅಯ್ಯೋ ದೇವರೇ, ಹದಿನೇಳು ದಿನ! ಒಬ್ಬ ಮನುಷ್ಯ ಹದಿನೇಳು ದಿನ ನೀರಿಲ್ಲದೆ ಹೇಗೆ ಬದುಕಿದ ಎಂದು ಈ ಮನೆಯಲ್ಲಿ ಎಪ್ಪತ್ತಾರು ವರ್ಷ ಒಬ್ಬರೂ ಕೇಳಲಿಲ್ಲವಲ್ಲ! ನೀವು ಕೇಳಲಿಲ್ಲ, ನಿಮ್ಮ ಅಪ್ಪ ಕೇಳಲಿಲ್ಲ, ಲೆಕ್ಕದಲ್ಲಿ ಜಾಣೆ ಎನಿಸಿಕೊಂಡ ನಾನೂ ಕೇಳಲಿಲ್ಲ. ಅಜ್ಜ ಯಾಕೆ ಸುಳ್ಳು ಹೇಳಿದರು ಎಂಬುದು ನನಗೆ ತಿಳಿಯದೆ ಇಲ್ಲ. ಆ ಓಣಿಯಲ್ಲಿ ಉಂಡು ಕುಡಿದದ್ದು ಗೊತ್ತಾಗಿದ್ದರೆ ನಮ್ಮವರು ಅವರನ್ನು ಕುಲದಿಂದ ಹೊರಗೆ ಹಾಕುತ್ತಿದ್ದರು, ತಂಗಿಯರ ಮದುವೆ ನಿಲ್ಲುತ್ತಿತ್ತು. ನಾರಾಯಣಪುರದಲ್ಲಿ ನೀರೇ ಮುಟ್ಟಿಲ್ಲವೆಂದು ಒಂದು ಸಲ ಹೇಳಿದರು. ಹೇಳಿದ ಮೇಲೆ ಅದನ್ನು ನಡೆಸಬೇಕಲ್ಲ, ಆಣೆ ಹುಟ್ಟಿತು. ಇಷ್ಟೆಲ್ಲ ಅರ್ಥವಾಗುತ್ತದೆ. ಆದರೆ ಹೆಗಲ ಮೇಲೆ ಹೊತ್ತು ತಂದವನನ್ನು ನಾಲ್ಕು ಜನರೆದುರು ಹಾಗೆ ಕಳಿಸಿದರಲ್ಲ, ಅದನ್ನು ನೆನೆದರೆ ನನಗೆ ಈಗಲೂ ಅನ್ನ ಇಳಿಯುವುದಿಲ್ಲ.

ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ದೇವರ ಕೋಣೆಗೆ ಹೋಗಿ ತಂಬಿಗೆಯ ನೀರು ತುಳಸಿಗೆ ಸುರಿದು ಅದನ್ನು ಬೋರಲು ಹಾಕಿದೆ. ಪೈಸೆಯ ಅಕ್ಷರಗಳು ಸವೆದು ಹೋಗಿವೆ, ಸುತ್ತ ಬೆಸುಗೆಯ ಗಂಟು ಗಂಟು. ಅದನ್ನು ಸಾವಿರ ಸಲ ತಿಕ್ಕಿದ್ದೇನೆ. ಬೆಸುಗೆ ಎಂದರೆ ತೂತು ಇತ್ತು ಎಂದು ಅರ್ಥ, ಸಾಧು ಯಾಕೆ ತೂತು ತಂಬಿಗೆ ಕೊಟ್ಟಾನು ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಅತ್ತೆ ಬಂದು ಬಾಗಿಲಲ್ಲಿ ನಿಂತರು. ನಾನು ಟಿಕೆಟ್ಟು, ಬಿಲ್ಲು ಎಲ್ಲ ಹರಡಿ ಓದಿ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಅತ್ತೆ ಗೋಡೆಗೆ ಒರಗಿ ಕೆಳಗೆ ಕೂತುಬಿಟ್ಟರು. ಪೈಸೆಯ ಮೇಲೆ ಬೆರಳಾಡಿಸುತ್ತ, “ಮಾವನೋರು ಆ ತಂಬಿಗಿ ಯಾರಿಗೂ ತೊಳ್ಯಾಕ ಕೊಡತಿದ್ದಿಲ್ಲ. ತಾವ ತೊಳೀತಿದ್ರು. ತೊಳಿಯೂ ಮುಂದ ಅಳತಿದ್ರು. ಭಕ್ತಿ ಅಂತ ತಿಳಕೊಂಡಿದ್ದೆ ನಾ” ಎಂದರು. ಅವತ್ತು ಟಿವಿಯನ್ನೂ ಹಚ್ಚಲಿಲ್ಲ.

ಶನಿವಾರ ಪೂನಂಳನ್ನು ಕರೆದುಕೊಂಡು ನಾರಾಯಣಪುರಕ್ಕೆ ಹೋದೆ. ನಿಮ್ಮನ್ನು ಕೇಳಿ ಹೋಗಬೇಕಿತ್ತು ಎನ್ನುತ್ತೀರಿ. ನದಿಯ ದಂಡೆಯಲ್ಲಿ ಎಲ್ಲಿದ್ದೀರೆಂದು ಹುಡುಕಲಿ? ದ್ರೌಪತಿಬಾಯಿ ಇನ್ನೂ ಇದ್ದಾರೆ. ಎಂಬತ್ತಾರು ವರ್ಷ, ಒಂದು ಕಣ್ಣು ಮಂಜಾಗಿದೆ, ಕಿವಿ ಚುರುಕು. ಅಂಗಳದ ಬಿಸಿಲಲ್ಲಿ ತೊಗರಿ ಕೇರುತ್ತಿದ್ದರು. ನಾವು ಯಾರ ಮನೆಯವರು ಎಂದು ಹೇಳಿದಾಗ ಮೊರ ನಿಂತಿತು. ಅವರ ಸೊಸೆ ಸುಗಂಧಾ ಬಾಗಿಲಲ್ಲಿ ನಿಂತು, “ಈಗ ನೆನಪಾತೇನ್ರಿ?” ಎಂದಳು. ನಾನು ತಲೆ ತಗ್ಗಿಸಿ ನಿಂತೆ. ಹಾಗೆಂದವಳೇ ಒಳಗೆ ಹೋಗಿ ಎರಡು ಸ್ಟೀಲಿನ ಲೋಟದಲ್ಲಿ ನೀರು, ಒಂದು ತಟ್ಟೆಯಲ್ಲಿ ಬೆಲ್ಲ ತಂದು ನಮ್ಮ ಮುಂದೆ ಇಟ್ಟಳು. ಮನೆಗೆ ಬಂದವರಿಗೆ ಮೊದಲು ನೀರು ಕೊಡುವುದು ಅಲ್ಲಿಯ ಪದ್ಧತಿ, ನಮ್ಮಲ್ಲಿ ಇರುವ ಹಾಗೆಯೇ. ಆ ಲೋಟದ ಮಾತು ಆಮೇಲೆ.

ತಂಬಿಗೆ ನಮ್ಮಲ್ಲಿ ಇದೆ ಎಂದೆ. ದ್ರೌಪತಿಬಾಯಿ ಮೊರವನ್ನು ಪಕ್ಕಕ್ಕೆ ಇಟ್ಟು, “ತಳದಾಗ ಪೈಸಾ ಇನ್ನೂ ಐತೇನು?” ಎಂದು ಕೇಳಿದರು. ಇದೆ ಎಂದೆ. ಇನ್ನು ಅಜ್ಜನನ್ನು ಬೈಯುತ್ತಾರೆ, ಬೈಯಲಿ, ಕೇಳಿಸಿಕೊಂಡು ಬರೋಣ ಎಂದು ಕೂತಿದ್ದೆ. ಅವರು ನನ್ನ ಮೊಣಕೈ ಹಿಡಿದು ಹತ್ತಿರ ಎಳೆದುಕೊಂಡು ಕೇಳಿದ್ದೇನು ಗೊತ್ತೇ? “ಕತ್ತಲಂದ್ರ ಅಂಜತಿದ್ದ ಅಂವ. ನಾ ಹಗೇವದ ಬಾಯಾಗ ಕುಂತ ಮಾತಾಡಬೇಕಿತ್ತು, ಇಲ್ಲಂದ್ರ ಅಳತಿದ್ದ. ಆ ಅಂಜಿಕಿ ಹೋತೇನ ಅವಂದು?” ನೀವೇ ಹೇಳುತ್ತಿದ್ದಿರಲ್ಲ, ಅಜ್ಜ ಸಾಯುವವರೆಗೂ ಕಂದೀಲು ಆರಿಸಲು ಬಿಡಲಿಲ್ಲ, ಆ ಬೆಳಕಿಗೆ ನಿಮಗೆ ನಿದ್ದೆಯೇ ಬರುತ್ತಿರಲಿಲ್ಲವೆಂದು. ಹೋಗಲಿಲ್ಲ ಅವ್ವಾ ಎಂದು ಹೇಳಿದೆ. ಪೂನಂ ಮುಖ ಮುಚ್ಚಿಕೊಂಡು ಅತ್ತಳು, ನಾನೂ ಅತ್ತೆ. ದ್ರೌಪತಿಬಾಯಿ ಅಳಲಿಲ್ಲ, ತೊಗರಿಯ ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು.

ಇಷ್ಟು ಬರೆಯುವಷ್ಟರಲ್ಲಿ ನನ್ನ ಕೈ ನೋಯುತ್ತಿದೆ. ಮೂರು ದಿನವಾದರೂ ನನಗೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ. ಕರ್ಪೂರ ತೂಗುತ್ತ ನಡುವೆ ನಿಂತುಬಿಡುತ್ತೇನೆ, ಗಿರಾಕಿಗಳು ನಗುತ್ತಾರೆ. ನಿಮ್ಮ ಮೇಲೆ ಸಿಟ್ಟಿದೆ, ಆದರೆ ನೀವು ಇದನ್ನು ದೂರದ ಊರಿನಲ್ಲಿ ಒಬ್ಬರೇ ಕೂತು ಓದಬೇಕಲ್ಲ ಎಂದು ಕರುಳೂ ಚುರುಕ್ ಎನ್ನುತ್ತದೆ. ಓದಿ ಊಟ ಬಿಡಬೇಡಿ. ಜೊತೆಯ ಯಾತ್ರಿಕರಿಗೆ ನಮ್ಮೆಲ್ಲರ ನಮಸ್ಕಾರ ಹೇಳಿ. ಅತ್ತೆಯ ಆಶೀರ್ವಾದ ನಿಮ್ಮ ತಲೆಯ ಮೇಲಿದೆ. ನಿಮ್ಮ ಕಾಲು ನೋಯದಿರಲಿ.

ನಿಮ್ಮ
ಭಾಗಮ್ಮ

ಮರೆತದ್ದು: ಸೋಮವಾರ ಬೆಳಿಗ್ಗೆ, ಪೋಸ್ಟಿಗೆ ಹಾಕುವ ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಆ ಲೋಟದ ನೀರು ಕುಡಿದೆ. ಪೂನಂ ನನಗಿಂತ ಮೊದಲೇ ಕುಡಿದಿದ್ದಳು. ಇವತ್ತು ಏಳೂವರೆಯ ಬಸ್ಸಿಗೆ ಕೆಲಸಕ್ಕೆ ಹಾಜರಾಗಲು ಹೋದಳು. ಅವಳ ನೀರಿನ ಬಾಟಲಿ ಇಲ್ಲೇ ಕಟ್ಟೆಯ ಮೇಲಿದೆ, ಮರೆತು ಬಿಟ್ಟದ್ದಲ್ಲ. ತಂಬಿಗೆ ಅವಳ ಚೀಲದಲ್ಲಿ ಹೋಯಿತು. ಅತ್ತೆಯೇ ಹುಣಸೆಹಣ್ಣು ಹಚ್ಚಿ ತಿಕ್ಕಿ, ತಮ್ಮ ಮದುವೆಯ ಶಾಲಿನಲ್ಲಿ ಸುತ್ತಿ, “ಅದು ಆಕೀದು. ಆಕಿ ಕೈಯಾಗ ಕೊಡು” ಎಂದು ಕಳಿಸಿದರು. ನೀವು ಬಂದ ಮೇಲೆ ದೇವರ ಕೋಣೆಯಲ್ಲಿ ಅದನ್ನು ಹುಡುಕಬೇಡಿ. ಅದರ ನೀರಿಲ್ಲದೆ ನಿಮಗೆ ದಿನ ಹೋಗುವುದಿಲ್ಲವೆಂದು ನನಗೆ ಗೊತ್ತು. ಬೇಕಿದ್ದರೆ ದ್ರೌಪತಿಬಾಯಿಯ ಅಂಗಳಕ್ಕೆ ಹೋಗಿ ಬೊಗಸೆ ಹಿಡಿಯಬೇಕು. ಕರಕೊಂಡ ಬಾ, ನಾ ಹಾಕತೇನಿ ಎಂದಿದ್ದಾರೆ. ಪರಿಕ್ರಮ ಮುಗಿಸಿ ನೇರ ಮನೆಗೆ ಬರಬೇಡಿ, ಕಲ್ಯಾಣದಲ್ಲಿ ಇಳಿಯಿರಿ. ಅವರಿಗೆ ಎಂಬತ್ತಾರು ವರ್ಷ, ತಡ ಮಾಡಬೇಡಿ.